ಅದು ಅಂದರೆ ಯಾವುದು

ನಂಬರಪ್ಪನವರಿಗೆ ಈ ಲೋಕದಲ್ಲಿ ಸಹಿಸಲಾಗದ ಮಾತು ಒಂದೇ ಒಂದು, 'ಅದು'.

ಮೂವತ್ತೊಂದು ವರ್ಷದಿಂದ ಬಸ್ ಡಿಪೋದ ಸ್ಟೋರಿನಲ್ಲಿ ಕೂತು ಬಿಡಿಭಾಗ ಕೊಡುತ್ತಿರುವ ಮನುಷ್ಯ. ಯಾವನಾದರೂ ಮೆಕ್ಯಾನಿಕ್ಕು ಗ್ರೀಸು ಮೆತ್ತಿದ ಕೈಯನ್ನು ಕಿಟಕಿಯೊಳಗೆ ಚಾಚಿ 'ಸಾರ್, ಆ ಅದು ಒಂದು ಕೊಡಿ' ಅಂದನೋ, ಮುಗಿಯಿತು ಅವನ ಕಥೆ. ಅದು ಅಂದರೆ ಯಾವುದು? ಬೆಲ್ಟೋ, ಬೇರಿಂಗೋ, ನಿನ್ನ ಅತ್ತೆ ಮನೆಯ ತೊಟ್ಟಿಲೋ? ನಂಬರ್ ತಗೊಂಡು ಬಾ, ಹೋಗು. ಹೊರಗೆ ಬಸ್ಸು ಬಾಯಿ ಬಿಟ್ಟುಕೊಂಡು ನಿಂತಿರಲಿ, ಡ್ರೈವರು ಹೊತ್ತಾಯಿತೆಂದು ಶಾಪ ಹಾಕುತ್ತಿರಲಿ, ನಂಬರಿಲ್ಲದೆ ಒಂದು ವಾಷರು ಕೂಡ ಆ ಕಿಟಕಿ ದಾಟುತ್ತಿರಲಿಲ್ಲ. ನಂಬರಪ್ಪ ಅನ್ನುವ ಹೆಸರು ಅವರಿಗೆ ಬಂದದ್ದು ಹಾಗೆ. ಹೆತ್ತವರು ಇಟ್ಟ ಹೆಸರು ಸಂಬಳದ ಪಟ್ಟಿಯಲ್ಲಿ ಮಾತ್ರ ಉಳಿದಿತ್ತು.

ಇಂಥವರಿಗೆ ಗಂಟು ಬಿದ್ದ ಹೆಂಡತಿ ಎಂಥವಳು ಅಂತೀರಿ? ಆಕೆಯ ಬಾಯಲ್ಲಿ 'ಅದು' ಬಿಟ್ಟರೆ 'ಇದು', 'ಇದು' ಬಿಟ್ಟರೆ 'ಅದೇರೀ ಅದು'. 'ರೀ, ಅದು ಇದೆಯಲ್ಲ, ಅದನ್ನ ಅದರ ಮೇಲಿಂದ ತೆಗೆದು ಇದರೊಳಗೆ ಹಾಕಿಬಿಡಿ, ಅದು ಬಂದುಬಿಡುತ್ತೆ' ಅಂತ ಅಡುಗೆಮನೆಯಿಂದ ಕೂಗು ಬರುತ್ತಿತ್ತು. ಒಗೆದ ಬಟ್ಟೆಯನ್ನು ಹಗ್ಗದ ಮೇಲಿಂದ ತೆಗೆದು ಬುಟ್ಟಿಗೆ ಹಾಕಿ, ಮಳೆ ಬರುತ್ತೆ ಅಂತ ಅದರ ಅರ್ಥ. ಅರ್ಥವಾಗುವ ಹೊತ್ತಿಗೆ ಮಳೆ ಬಂದು ಬಟ್ಟೆಯೆಲ್ಲ ನೆನೆದು ತೊಪ್ಪೆಯಾಗಿರುತ್ತಿತ್ತು. ಮೂವತ್ತನಾಲ್ಕು ವರ್ಷದ ಸಂಸಾರದಲ್ಲಿ ನಂಬರಪ್ಪನವರು ಹಣೆ ಚಚ್ಚಿಕೊಂಡದ್ದಕ್ಕೆ ಲೆಕ್ಕವಿಲ್ಲ. 'ಡಿಪೋದಲ್ಲಿ ಇನ್ನೂರು ಜನ ಇದಾರೆ, ಅವರನ್ನೆಲ್ಲ ತಿದ್ದಿದೆ, ಇವಳೊಬ್ಬಳನ್ನ ತಿದ್ದೋಕೆ ಆಗಲಿಲ್ಲ' ಎಂದು ಬಂದವರ ಮುಂದೆಲ್ಲ ಹೇಳಿಕೊಳ್ಳುವರು. ಆಕೆ ನಗುತ್ತ, ಆ ಇನ್ನೂರು ಜನಕ್ಕೂ ನೀವೇ ಅನ್ನ ಮಾಡಿ ಹಾಕಿ ನೋಡೋಣ, ಆಮೇಲೆ ತಿದ್ದುವಿರಂತೆ ಎಂದು ಬಾಯಿ ಮುಚ್ಚಿಸುವಳು.

ಅಡುಗೆಗೂ ಅದೇ ಗತಿ. ವರ್ಷದ ಕೊನೆಯ ರಜೆಗೆ ಆಕೆ ಬದನೆಕಾಯಿ ಸೀಳಿ, ಎಳ್ಳು ಬೆಳ್ಳುಳ್ಳಿ ಅರೆದು ತುಂಬಿ, ಸಣ್ಣ ಉರಿಯಲ್ಲಿ ಬೇಯಿಸಿ ಒಂದು ಪದಾರ್ಥ ಮಾಡುವಳು. ಮನೆಮಂದಿಯೆಲ್ಲ ಅದಕ್ಕಾಗಿ ವರ್ಷವಿಡೀ ಕಾಯುತ್ತಿದ್ದರು. ಅದಕ್ಕೊಂದು ಹೆಸರು ಬೇಡವೇ? ಇರಲಿಲ್ಲ. 'ಅಮ್ಮ, ರಜೆಗೆ ಅದು ಮಾಡ್ತೀ ತಾನೇ?' ಎಂದು ಮಗಳು ಕೇಳುವಳು, 'ಅದು ಮಾಡದೆ ಇರ್ತೀನಾ' ಎಂದು ತಾಯಿ ಹೇಳುವಳು, ತಾಯಿ ಮಗಳಿಗೆ ಅಷ್ಟು ಸಾಕು. ಆ ಮಗಳು ಮೂರು ವರ್ಷದವಳಿದ್ದಾಗಿನಿಂದ ಹಾಗೇ. ತಾಯಿ ಒಲೆಯ ಮುಂದೆ ನಿಂತು 'ಅದು ಕೊಡೇ' ಅಂದರೆ, ಸೌಟು ಬೇಕಿದ್ದಾಗ ಸೌಟು, ಸಾಸಿವೆ ಬೇಕಿದ್ದಾಗ ಸಾಸಿವೆ ತಂದುಕೊಡುತ್ತಿತ್ತು ಕೂಸು. ಇದು ಹೇಗೆ ಸಾಧ್ಯ ಎಂದು ನಂಬರಪ್ಪನವರು ತಲೆ ಕೆಡಿಸಿಕೊಳ್ಳಲಿಲ್ಲ. ಹೆಂಗಸರ ಭಾಷೆ, ಮಾಡಿಕೊಳ್ಳಲಿ ಎಂದು ಬಿಟ್ಟರು.

ಹೀಗಿರುವಾಗ ಈ ಸಲದ ರಜೆಗೆ ಹತ್ತು ದಿನ ಇದೆ ಅನ್ನುವಾಗ ಮಗಳ ಫೋನು ಬಂತು. ಅಮ್ಮನಿಗಲ್ಲ, ಅಪ್ಪನಿಗೆ, ಅದೂ ಡಿಪೋದ ಕೆಲಸದ ಹೊತ್ತಿನಲ್ಲಿ. ಎರಡು ಗಂಟೆ ದೂರದ ಊರಿನಲ್ಲಿ ಶಾಲೆಯ ಟೀಚರು ಆಕೆ, ಸುತ್ತಿ ಬಳಸಿ ಮಾತಾಡುವವಳಲ್ಲ. ಅಮ್ಮನ ಮಾತು ಸರಿಯಿಲ್ಲ, ಎರಡು ತಿಂಗಳಿಂದ ಗಮನಿಸುತ್ತಿದ್ದೇನೆ, ಡಾಕ್ಟರಿಗೆ ತೋರಿಸಬೇಕು ಅಂದಳು. ಹೋದ ವಾರ ಫೋನಿನಲ್ಲಿ 'ಅದು ತಗೊಂಡು ಬಾ' ಅಂದಳಂತೆ. ಯಾವುದಮ್ಮ ಅಂದರೆ 'ಅದೇ' ಅಂದಳಂತೆ. ಬಟ್ಟೆಯಾ ಪಾತ್ರೆಯಾ ಅಂತ ಕೇಳಿದರೆ ಸುಮ್ಮನಾಗಿ ಫೋನು ಇಟ್ಟುಬಿಟ್ಟಳಂತೆ.

ನಂಬರಪ್ಪನವರಿಗೆ ಮೂಗಿನ ತುದಿಯಲ್ಲೇ ಸಿಟ್ಟು. "ನಿಮ್ಮಮ್ಮ ಹುಟ್ಟಿದಾಗಿನಿಂದ ಹಾಗೇ ಕಣೇ. ಮೂವತ್ತನಾಲ್ಕು ವರ್ಷದಿಂದ ನಾನು ಅದೇ ಬಡ್ಕೋತಿದೀನಿ, ಆಗ ನೀವಿಬ್ಬರೂ ಸೇರ್ಕೊಂಡು ನಗ್ತಿದ್ರಿ. ಈಗ ಬಂದುಬಿಟ್ಲು ಡಾಕ್ಟರು ಅಂತ."

ಮಗಳು ಜಗಳಕ್ಕೆ ಬರಲಿಲ್ಲ. ರಜೆಗೆ ಹೇಗೂ ಬರುತ್ತೇನೆ, ಅಡುಗೆಮನೆಯಲ್ಲಿ ನಾನೇ ಜೊತೆಗಿದ್ದು ನೋಡುತ್ತೇನೆ, ಏನೂ ಇಲ್ಲ ಅಂತಾದರೆ ತಪ್ಪಾಯಿತು ಅನ್ನುತ್ತೇನೆ. ಇದೆ ಅಂತಾದರೆ ರಜೆ ಮುಗಿದ ದಿನವೇ ಅಮ್ಮನನ್ನು ಕರೆದುಕೊಂಡು ಹೋಗಬೇಕು ಎಂದು ಕರಾರು ಹಾಕಿದಳು. ಆಗಲಿ ನೋಡೇಬಿಡೋಣ ಅಂದರು ಇವರು. ಗೆದ್ದೇಬಿಟ್ಟೆ ಅನ್ನುವ ಹಾಗೆ ಫೋನಿಟ್ಟು, ಬ್ರೇಕ್ ಶೂ ಕೇಳಲು ಬಂದವನನ್ನು ವಿನಾಕಾರಣ ಬೈದು ಕಳಿಸಿದರು.

ಆದರೆ ಹುಳ ಒಳಗೆ ಬಿತ್ತಲ್ಲ. ಆವತ್ತು ಸಂಜೆಯಿಂದ ನಂಬರಪ್ಪನವರು ಹೆಂಡತಿಯ ಮಾತನ್ನು ಕಿವಿಗೊಟ್ಟು ಕೇಳತೊಡಗಿದರು, ಮದುವೆಯಾದ ಮೇಲೆ ಮೊದಲ ಸಲ. ಕೇಳಿದರೆ ಏನು ಗೊತ್ತಾಗಬೇಕು? ಆಕೆ 'ಅದು' ಅಂದಳು. ಹೋದ ವರ್ಷವೂ ಅಂದಿದ್ದಳು. ಹೋದ ವರ್ಷದ ಅದಕ್ಕೂ ಈ ವರ್ಷದ ಅದಕ್ಕೂ ಏನಾದರೂ ವ್ಯತ್ಯಾಸ ಇದೆಯಾ? ಅವರಿಗೆ ತಿಳಿಯದು. ಹಳೆಯ ದಾಸ್ತಾನು ಎಷ್ಟಿತ್ತು ಅಂತ ಬರೆದಿಡದೆ ಇದ್ದರೆ ಏನು ಕಳುವಾಗಿದೆ ಅಂತ ಯಾವ ಸ್ಟೋರ್ ಕೀಪರು ತಾನೇ ಹೇಳಿಯಾನು? ಆ ಯೋಚನೆ ಬಂದದ್ದೇ ತಡ, ಅವರಿಗೆ ತಮ್ಮ ಮೇಲೇ ರೇಗಿತು. ತಮ್ಮ ಮೇಲೆ ರೇಗಿದ್ದನ್ನು ಹೆಂಡತಿಯ ಮೇಲೆ ತೀರಿಸಿಕೊಂಡು, ಅಡುಗೆ ಸಪ್ಪೆ ಎಂದು ತಟ್ಟೆ ಸರಿಸಿ ಎದ್ದರು.

ಮಗಳು ಬಂದಾಗ ಎಲ್ಲ ಸುಸೂತ್ರವಾಗಿ ಕಾಣಬೇಕು. ಅದಕ್ಕೇನು ಮಾಡುವುದು? ಯೋಚಿಸಿ ಯೋಚಿಸಿ ಒಂದು ಉಪಾಯ ಹೂಡಿದರು. ಅಡುಗೆಮನೆಯಲ್ಲಿ ಹೆಸರಿಲ್ಲದ್ದೇ ತೊಂದರೆ, ಹೆಸರು ಬರೆದುಬಿಟ್ಟರೆ ಆಯಿತು. ರಜೆಗೆ ನಾಲ್ಕು ದಿನ ಮುಂಚೆ, ಹೆಂಡತಿ ತರಕಾರಿ ತರಲು ಹೋದ ಹೊತ್ತು ನೋಡಿ, ಡಿಪೋದಿಂದ ತಂದ ಅಂಟುಚೀಟಿ ಹಿಡಿದು ಅಡುಗೆಮನೆಗೆ ನುಗ್ಗಿದರು. ಇಪ್ಪತ್ತೆಂಟು ಡಬ್ಬಿ. ಒಂದೊಂದನ್ನೂ ತೆರೆದು, ನೋಡಿ, ಹೆಸರು ಬರೆದು, ನಂಬರು ಹಾಕಿ ಅಂಟಿಸಿದರು. ಅಷ್ಟಕ್ಕೇ ಬಿಟ್ಟರೆ ಅವರು ನಂಬರಪ್ಪ ಹೇಗಾದಾರು? ಇದ್ದ ಸಾಲನ್ನು ಕಿತ್ತುಹಾಕಿ ಅಕ್ಷರಮಾಲೆಯ ಕ್ರಮದಲ್ಲಿ ಜೋಡಿಸಿಟ್ಟರು: ಅರಿಶಿನ ಒಂದು, ಉಪ್ಪು ಎರಡು, ಎಳ್ಳು ಮೂರು, ಏಲಕ್ಕಿ ನಾಲ್ಕು. ಕೈ ಒರೆಸಿಕೊಂಡು ನಿಂತು ನೋಡಿದಾಗ ಎಂಥ ಸಮಾಧಾನ! ಈ ಕೆಲಸ ಮೂವತ್ತು ವರ್ಷದ ಹಿಂದೆಯೇ ಮಾಡಬೇಕಿತ್ತು ಅನ್ನಿಸಿತು.

ಹೆಂಡತಿ ಬಂದು ನೋಡಿದವಳೇ ತರಕಾರಿ ಚೀಲ ಅಲ್ಲೇ ಕುಕ್ಕಿದಳು. ಕೋತಿ ತಾನು ಕೆಡೋದಲ್ಲದೆ ವನಾನೆಲ್ಲ ಕೆಡಿಸಿತಂತೆ, ನಿಮ್ಮ ಡಿಪೋ ಕೆಡಿಸಿದ್ದು ಸಾಲದೂಂತ ನನ್ನ ಅಡುಗೆಮನೆಗೂ ಬಂದ್ರಾ ಎಂದು ಶುರುಮಾಡಿ, ಅರ್ಧ ಗಂಟೆ ಬೈದಳು. ನಂಬರಪ್ಪನವರು ಎಲ್ಲವನ್ನೂ ಸಂತೋಷದಿಂದ ಬೈಸಿಕೊಂಡರು. ಹೀಗೆ ನಿರರ್ಗಳವಾಗಿ ಬೈಯುವವಳಿಗೆ ಮಾತಿನ ತೊಂದರೆಯೇ? ಮಗಳು ಇದನ್ನು ಕೇಳಬೇಕಿತ್ತು. ಇನ್ನೂ ಒಂದು ಹೆಮ್ಮೆ ಅವರಿಗೆ. ಅಷ್ಟೆಲ್ಲ ಬೈದರೂ, ಇಪ್ಪತ್ತೆಂಟರಲ್ಲಿ ಒಂದೇ ಒಂದು ಚೀಟಿಯಲ್ಲೂ ತಪ್ಪು ಹಿಡಿಯಲು ಅವಳ ಕೈಲಾಗಲಿಲ್ಲ. ಮರುದಿನ ಬೆಳಿಗ್ಗೆ ಆಕೆ ಡಬ್ಬಿಗಳ ಮುಂದೆ ನಿಂತು, ಬೆರಳಿಟ್ಟು ಒಂದೊಂದೇ ಚೀಟಿ ಓದಿಕೊಳ್ಳುತ್ತಿದ್ದುದನ್ನೂ ಕಂಡರು. ಕೊನೆಗೂ ದಾರಿಗೆ ಬಂದಳು ಎಂದುಕೊಂಡು ಮೀಸೆಯಲ್ಲೇ ನಕ್ಕರು.

ರಜೆಯ ದಿನ ಒಂಬತ್ತು ಗಂಟೆಗೆಲ್ಲ ಮಗಳು, ಅಳಿಯ, ಐದು ವರ್ಷದ ಮೊಮ್ಮಗಳು ಬಂದಿಳಿದರು. ಮಗಳು ಅಡುಗೆಮನೆಗೆ ಕಾಲಿಟ್ಟು ಡಬ್ಬಿಗಳ ಸಾಲು ನೋಡಿ 'ಅಯ್ಯೋ ಅಪ್ಪಾ' ಅಂದಳು, ಅಷ್ಟೇ. ನಂಬರಪ್ಪನವರು ಬಾಗಿಲ ಬಳಿ ಸ್ಟೂಲು ಹಾಕಿಕೊಂಡು, ಮಡಿಲಲ್ಲಿ ಬೆಳ್ಳುಳ್ಳಿ ಇಟ್ಟುಕೊಂಡು ಕೂತರು. ಬೆಳ್ಳುಳ್ಳಿ ಸುಲಿಯುವುದು ನೆಪ, ತೀರ್ಪುಗಾರರಾಗಿ ಕೂತದ್ದು.

ಬದನೆಕಾಯಿ ಸೀಳಿದ್ದಾಯಿತು, ಎಳ್ಳು ಹುರಿದದ್ದಾಯಿತು. ಹೆಂಡತಿಯ ಕೈ ಎಂದಿನ ಹಾಗೇ ಚುರುಕು. ನಂಬರಪ್ಪನವರು ಮಗಳ ಕಡೆ ನೋಡಿ, ಕಂಡೆಯಾ ಎಂದು ಹುಬ್ಬು ಹಾರಿಸಿದರು. ಅಷ್ಟರಲ್ಲಿ ಅರೆಯುವ ಹೊತ್ತು ಬಂತು.

"ಅದು ಕೊಡೇ," ಅಂದಳು ಹೆಂಡತಿ.

ಮಗಳು ಉಪ್ಪು ಕೊಟ್ಟಳು. ಅದಲ್ಲ. ಬೆಲ್ಲ ಕೊಟ್ಟಳು. ಅದಲ್ಲ, ಅದು. ಮೆಣಸಿನಕಾಯಿ, ಕೊತ್ತಂಬರಿ ಬೀಜ, ಒಂದಾದ ಮೇಲೊಂದು ಡಬ್ಬಿ ಕಟ್ಟೆಯ ಮೇಲೆ ಬಂದು ಕೂತವು. ಹೆಂಡತಿಯ ದನಿ ಏರಿತು, ಇಷ್ಟು ವರ್ಷವಾದರೂ ತಿಳಿಯಲ್ವಾ ನಿನಗೆ, ಅದು ಅಂದ್ರೆ ಅದು. ಮಗಳು ತಾಯಿಯ ಮುಖವನ್ನೇ ನೋಡುತ್ತ ನಿಂತುಬಿಟ್ಟಳು.

ನಂಬರಪ್ಪನವರಿಗೆ ತಡೆಯಲಾಗಲಿಲ್ಲ. ನೋಡಿದೆಯಾ, ಇದನ್ನೇ ನಾನು ಮೂವತ್ತನಾಲ್ಕು ವರ್ಷದಿಂದ ಅನುಭವಿಸುತ್ತಿರುವುದು, ಇವತ್ತು ನಿನ್ನ ಸರದಿ ಎಂದು ಸ್ಟೂಲಿನ ಮೇಲಿಂದ ಗಹಗಹಿಸಿದರು. ಆ ನಗು ಕಿವಿಗೆ ಬಿದ್ದದ್ದೇ ಹೆಂಡತಿ ಸೌಟು ಎತ್ತಿದಳು. ಎಲ್ಲರೂ ಹೊರಗೆ ನಡೀರಿ, ಇದೇನು ನಾಟಕ ನೋಡೋಕೆ ಕೂತ ಹಾಗೆ ಕೂತಿದೀರಿ, ನನ್ನ ಅಡುಗೆ ನಾನು ಮಾಡ್ಕೋತೀನಿ ಎಂದು ಅಪ್ಪ ಮಗಳಿಬ್ಬರನ್ನೂ ಓಡಿಸಿ ಬಾಗಿಲು ಹಾಕಿಕೊಂಡಳು.

ಹಿತ್ತಲಲ್ಲಿ ಮಗಳು ಗೋಡೆಗೆ ಒರಗಿ ನಿಂತಳು. "ಅಪ್ಪ, ಮೊದಲು ಅಮ್ಮ ಅದು ಅಂದ್ರೆ ಅವಳ ಕಣ್ಣು ಅಲ್ಲಿಗೆ ಹೋಗ್ತಿತ್ತು. ನಾನು ಕಣ್ಣು ನೋಡಿ ತಂದುಕೊಡ್ತಿದ್ದೆ. ಇವತ್ತು ಕಣ್ಣು ಎಲ್ಲೂ ಹೋಗ್ಲಿಲ್ಲ."

ಡಬ್ಬಿಗಳ ಜಾಗ ಬದಲಾಗಿದೆ, ಅದಕ್ಕೆ ಹಾಗಾಯಿತು ಅಂದರು ಇವರು. ನಾಲ್ಕು ದಿನ ಹೋದರೆ ಅಭ್ಯಾಸ ಆಗುತ್ತೆ. ಚೀಟಿ ಇದೆಯಲ್ಲ, ಓದೋಕೆ ಬರಲ್ವಾ ಅವಳಿಗೆ? ಕುಣಿಯಲಾರದವಳಿಗೆ ನೆಲ ಡೊಂಕು. ಮಗಳು ಹಗ್ಗದ ಮೇಲಿನ ಬಟ್ಟೆ ತೆಗೆದು ಮಡಿಸತೊಡಗಿದಳು. ಉತ್ತರ ಕೊಡದೆ ಇರುವವರ ಜೊತೆ ವಾದ ಮಾಡುವ ಕರ್ಮ ಯಾರಿಗೆ ಬೇಕು? ಅವರು ಧಡಧಡನೆ ಒಳಗೆ ಹೋಗಿ ತಟ್ಟೆ ಹಾಕಿದರು.

ಊಟಕ್ಕೆ ಕೂತರು. ಬದನೆಕಾಯಿ ಬಂತು. ಬಣ್ಣ ಅದೇ, ಹದ ಅದೇ, ಎಣ್ಣೆ ಬಿಟ್ಟುಕೊಂಡ ಪರಿ ಅದೇ. ಬಾಯಿಗಿಟ್ಟರೆ ಏನೋ ಇಲ್ಲ. ಅಳಿಯ ಮೊದಲ ತುತ್ತಿಗೇ ಅದ್ಭುತ ಅಂದ, ಎರಡನೆಯದಕ್ಕೂ ಅಂದ, ಮೂರನೆಯ ಸಲ ಅನ್ನುವಾಗ ಮಗಳು ಅವನ ಕಾಲು ತುಳಿದಳು. ನಂಬರಪ್ಪನವರು ತಲೆ ಬಗ್ಗಿಸಿ ತಿಂದರು. ಈ ಹೊತ್ತು ಅಡುಗೆ ಸಪ್ಪೆ ಅನ್ನುವ ಧೈರ್ಯ ಅವರಿಗೂ ಬರಲಿಲ್ಲ.

ಮೊಮ್ಮಗಳಿಗೆ ಈ ನಯನಾಜೂಕೆಲ್ಲ ಎಲ್ಲಿ ಗೊತ್ತು? ಬದನೆಕಾಯಿಯನ್ನು ಕಚ್ಚಿ, ತಟ್ಟೆಯ ಅಂಚಿಗೆ ಸರಿಸಿ, "ಅಜ್ಜಿ, ಇದು ಅದಲ್ಲ," ಅಂದಿತು.

ಸುಮ್ಮನೆ ತಿನ್ನು ಎಂದು ನಂಬರಪ್ಪನವರು ಗದರಿಸಿದರು. ಮಗು ಅತ್ತಿತು. ಅಳಿಯ ಸಮಾಧಾನ ಮಾಡಲು ಹೋಗಿ ನೀರು ಚೆಲ್ಲಿದ. ಹೆಂಡತಿ ಮಾತ್ರ ಒಂದು ಹೋಳು ಬಾಯಿಗಿಟ್ಟು, ಬಹಳ ಹೊತ್ತು ಅಗಿದು, ಎದ್ದು ಒಳಗೆ ಹೋದಳು. ವರ್ಷಕ್ಕೊಂದು ರಜೆ, ವರ್ಷಕ್ಕೊಂದು ಊಟ, ಅದೂ ಹೀಗೆ ಹಾಳಾಯಿತಲ್ಲ ಎಂದು ನಂಬರಪ್ಪನವರು ಯಾರ ಮೇಲೆ ಕೂಗಾಡಬೇಕೋ ತಿಳಿಯದೆ, ಬದನೆಕಾಯಿ ಮಾರಿದವನನ್ನು ಬೈದರು.

ಅಳುವ ಮಗುವಿಗೆ ಏನಾದರೂ ಕೊಡಬೇಕಲ್ಲ. ಮಗಳು ಡಬ್ಬಿಗಳ ಸಾಲಿನಿಂದ ಏಳನೇ ನಂಬರಿನದನ್ನು ತಂದಳು. ಮೇಲೆ ನಂಬರಪ್ಪನವರ ದುಂಡು ಅಕ್ಷರದಲ್ಲಿ 'ಖರ್ಜೂರ' ಎಂದಿತ್ತು. ಒಂದು ಚೂರು ಕಿತ್ತು ಮಗುವಿನ ಬಾಯಿಗಿಟ್ಟಳು. ಮಗು ಮುಖ ಕಿವುಚಿ, ಕಣ್ಣು ಮುಚ್ಚಿ, ಥೂ ಎಂದು ಅಜ್ಜನ ಪಂಚೆಯ ಮೇಲೇ ಉಗಿಯಿತು.

ಮಗಳು ಡಬ್ಬಿಯನ್ನು ಮೂಸಿದಳು. "ಅಪ್ಪ, ಇದು ಹುಣಸೆಹಣ್ಣು."

ಮೊಮ್ಮಗಳಿಗೆಂದು ಹೋದ ವಾರ ಖರ್ಜೂರ ತಂದಿದ್ದರು. ಡಬ್ಬಿಯಲ್ಲಿ ಕಪ್ಪಗೆ ಅಂಟಂಟಾಗಿ ಕಂಡದ್ದು ಅದೇ ಎಂದು ಬರೆದಿದ್ದರು. ಖರ್ಜೂರ ಫ್ರಿಜ್ಜಿನಲ್ಲಿ ಪೊಟ್ಟಣ ಕಟ್ಟಿದ ಹಾಗೇ ಇತ್ತು. ಅಳಿಯನಿಗೆ ನಗು ಬಂತು, ನಂಬರಪ್ಪನವರಿಗೂ ಬಂತು. ಅಲ್ಲಿಗೆ ಎಲ್ಲ ಬಗೆಹರಿಯಿತು, ಪದಾರ್ಥಕ್ಕೆ ಬೀಳದೆ ಹೋದದ್ದು ಹುಳಿ, ತಪ್ಪು ನನ್ನದು, ಅವಳದ್ದೇನೂ ಇಲ್ಲ, ನೋಡಿದಿರಾ ಎಂದು ಹೇಳಲು ಬಾಯಿ ತೆರೆದರು.

ತೆರೆದ ಬಾಯಿ ತೆರೆದೇ ಉಳಿಯಿತು. ನಾಲ್ಕು ದಿನ. ನಾಲ್ಕು ದಿನದಿಂದ ಆ ಡಬ್ಬಿಯ ಮೇಲೆ ಆ ಚೀಟಿ ಇತ್ತು. ಅಡುಗೆಮನೆಯ ವಿಷಯದಲ್ಲಿ ಅವರ ಒಂದು ಮಾತನ್ನೂ ಮೂವತ್ತನಾಲ್ಕು ವರ್ಷದಲ್ಲಿ ಆಕೆ ನಂಬಿದವಳಲ್ಲ. ಹಾಲು ಉಕ್ಕುತ್ತಿದೆ ಎಂದರೂ ಎದ್ದು ಬಂದು ನೋಡಿ ಆಮೇಲೆ ಒಲೆ ಆರಿಸುವವಳು. ಹುಣಸೆಹಣ್ಣಿನ ಮೇಲೆ ಖರ್ಜೂರ ಅಂತ ಬರೆದದ್ದು ಹಿಂದೆ ಯಾವಾಗಲಾದರೂ ಆಕೆಯ ಕಣ್ಣಿಗೆ ಬಿದ್ದಿದ್ದರೆ, ಆ ಡಬ್ಬಿ ಅವರ ತಲೆಯ ಮೇಲೆ ಕೂತಿರುತ್ತಿತ್ತು, ಬೀದಿಗೆಲ್ಲ ಕಥೆಯಾಗುತ್ತಿತ್ತು, ಸತ್ತ ಮೇಲೂ ಜನ ಹೇಳಿಕೊಂಡು ನಗುತ್ತಿದ್ದರು. ಆಕೆ ನಗಲಿಲ್ಲ, ತಪ್ಪು ಹಿಡಿಯಲಿಲ್ಲ. ಚೀಟಿಯನ್ನು ನಂಬಿದ್ದಳು.

ನಂಬರಪ್ಪನವರು ಅಳಿಯನಿಗೆ ಮಗುವನ್ನು ಕೊಟ್ಟರು. ನಾಳಿದ್ದು ಡಾಕ್ಟರು ಎಷ್ಟು ಗಂಟೆಗೆ ಸಿಗುತ್ತಾರೆ ಕೇಳಿಕೊಂಡು ಬರೆದಿಡು ಎಂದು ಮಗಳಿಗೆ ಹೇಳಿ, ಡಬ್ಬಿ ಎತ್ತಿಕೊಂಡು ಅಡುಗೆಮನೆಗೆ ಹೋದರು. ಹೆಂಡತಿ ಕಿಟಕಿಯ ಕಡೆ ಮುಖ ಮಾಡಿ, ಆಗಲೇ ತೊಳೆದಿದ್ದ ಪಾತ್ರೆಯನ್ನೇ ಇನ್ನೊಂದು ಸಲ ತೊಳೆಯುತ್ತಿದ್ದಳು.

ಇದರ ಮೇಲೆ ತಪ್ಪು ಬರೆದಿದ್ದೆ, ಯಾಕೆ ಹೇಳಲಿಲ್ಲ ಎಂದು ಕೇಳಿದರು.

ಆಕೆ ತಿರುಗಿ ಡಬ್ಬಿ ನೋಡಿದಳು, ಕೈಗೆ ತೆಗೆದುಕೊಂಡು ಮೂಸಿದಳು. "ಇದೇ. ಬೆಳಿಗ್ಗೆ ಇದೇ ಬೇಕಿತ್ತು," ಅಂದಳು. ಹೆಸರು ಹೇಳಲಿಲ್ಲ. "ನೀವು ಬರೆದಿದ್ರಿ. ಸರಿ ಇರುತ್ತೆ ಅಂದ್ಕೊಂಡೆ."

ನಲ್ಲಿ ತೊಟ್ಟಿಕ್ಕುತ್ತಿತ್ತು. ಆಕೆ ಅದನ್ನು ತಿರುಪಿ ನಿಲ್ಲಿಸಿದಳು.

"ಮುಂಚೆ ಹೆಸರು ಹೇಳೋಕೆ ಸೋಮಾರಿತನ ರೀ. ಕೈಯಲ್ಲಿ ನೂರು ಕೆಲಸ, ಅದು ಅಂದ್ರೆ ಆಗ್ತಿತ್ತು. ಈಗ ಹೆಸರೇ ಬರಲ್ಲ. ಬಾಯಿ ತನಕ ಬಂದು ಹೋಗಿಬಿಡುತ್ತೆ. ಮಗಳಿಗೆ ಗೊತ್ತಾಗುತ್ತೆ ಅಂತ ಹೆದರ್ಕೊಂಡಿದ್ದೆ." ಆಕೆ ಸೆರಗಿಗೆ ಕೈ ಒರೆಸಿಕೊಂಡಳು. "ನಿಮ್ಮ ಬಗ್ಗೆ ಹೆದರಿಕೆ ಇರಲಿಲ್ಲ. ನಿಮಗೆ ಎರಡೂ ಒಂದೇ ಥರ ಕೇಳ್ಸುತ್ತೆ ಅಂತ ಗೊತ್ತಿತ್ತು."

ಚುಚ್ಚಬೇಕೆಂದು ಹೇಳಿದ ಮಾತಲ್ಲ ಅದು. ಚುಚ್ಚಿದ್ದರೆ ತಿರುಗಿ ಅನ್ನುವುದಕ್ಕೆ ನಂಬರಪ್ಪನವರ ಬಳಿ ಮೂವತ್ತನಾಲ್ಕು ವರ್ಷದ ಸರಕು ಇತ್ತು.

ನಾಳಿದ್ದು ಡಾಕ್ಟರ ಹತ್ತಿರ ಹೋಗೋಣ ಅಂದರು. ಹೂಂ ಅಂದಳು. ಇನ್ನೂ ಏನಾದರೂ ಹೇಳಬೇಕೆಂದು ಹುಡುಕಿ, ಸಿಗದೆ, ಡಬ್ಬಿಗಳು ಮೊದಲು ಯಾವ ಯಾವ ಜಾಗದಲ್ಲಿದ್ದವು ಎಂದು ಕೇಳಿದರು. ನನಗೇನು ಗೊತ್ತು, ಕೈಗೆ ಗೊತ್ತಿತ್ತು, ನೀವೇ ಎಲ್ಲ ಕಿತ್ತುಹಾಕಿದ್ರಲ್ಲ ಎಂದು ಆಕೆ ಸಿಡುಕಿದಳು. ಹಾಗಾದರೆ ಕೈಯನ್ನೇ ಕೇಳೋಣ ಎಂದು ಅವರು ಇಪ್ಪತ್ತೆಂಟು ಡಬ್ಬಿಗಳನ್ನೂ ನೆಲಕ್ಕಿಳಿಸಿ, ಚೀಟಿಗಳನ್ನು ಉಗುರಿನಿಂದ ಕೆರೆದು ಕಿತ್ತರು. ಒಂದೊಂದು ಡಬ್ಬಿಯ ಮುಚ್ಚಳ ತೆಗೆದು ಆಕೆಯ ಮೂಗಿನ ಬಳಿ ಹಿಡಿದರು. ಆಕೆ ಕಣ್ಣು ಮುಚ್ಚಿ, ಖಾಲಿ ಹಲಗೆಯ ಕಡೆ ಕೈ ಚಾಚುವಳು. ಕೈ ಹೋದ ಕಡೆ ಇವರು ಡಬ್ಬಿ ಇಡುವರು. ಹುಳಿಯದಕ್ಕೆ ಕೈ ಥಟ್ಟನೆ ಒಲೆಯ ಎಡಗಡೆಗೆ ಹೋಯಿತು. ಜೀರಿಗೆಗೂ ಹೋಯಿತು, ಸಾಸಿವೆಗೂ ಹೋಯಿತು. ಎಷ್ಟು ನಿಧಾನ ರೀ ನೀವು, ಬೇಗ ಬೇಗ ಹಿಡೀರಿ ಎಂದು ನಡುವೆ ಗದರಿಸಿಯೂ ಆಯಿತು.

ಹನ್ನೆರಡನೆಯದಕ್ಕೆ ಆಕೆ ಎರಡು ಸಲ ಮೂಸಿದಳು. ಕೈ ಮೇಲಕ್ಕೆ ಎದ್ದಿತು, ಬಲಕ್ಕೆ ಸರಿಯಿತು, ಎಡಕ್ಕೆ ಬಂತು, ಗಾಳಿಯಲ್ಲೇ ನಿಂತಿತು. ನಂಬರಪ್ಪನವರು ಡಬ್ಬಿ ಹಿಡಿದುಕೊಂಡು, ಯಾವುದು ಎಂದು ಕೇಳದೆ, ಕಾಯುತ್ತ ನಿಂತರು.